ನೋವಿಗೆ ಎರಡೇ ಅಂಕ

ನನ್ನ ತಮ್ಮನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ತುಕ್ಕು ಹಿಡಿದ ಬೀಗ ತೆಗೆಯುವುದು ಸುಲಭ. ನಮ್ಮ ಬೀದಿಯವರು ಅವನನ್ನು ಗುಮ್ಮಣ್ಣ ಎಂದೇ ಕರೆಯುತ್ತಾರೆ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು ಗಡಿಯಾರ ರಿಪೇರಿ ಮಾಡುತ್ತಾನೆ. ಪಕ್ಕದಲ್ಲೇ ನನ್ನ ಇಸ್ತ್ರಿ ಅಂಗಡಿ. ನಡುವೆ ಒಂದು ಹಲಗೆಯ ಗೋಡೆ. ಇಡೀ ದಿನ ನಾನು ಗಿರಾಕಿಗಳ ಜೊತೆ, ಕೈಕೊಡುವ ಕರೆಂಟಿನ ಜೊತೆ, ಸುಕ್ಕು ಬಿಡದ ಬಟ್ಟೆಗಳ ಜೊತೆ ಜಗಳ ಆಡುತ್ತಿರುತ್ತೇನೆ. ಆ ಕಡೆಯಿಂದ ಒಂದು ಸದ್ದೂ ಇರುವುದಿಲ್ಲ. ಇಬ್ಬರ ಪಾಲಿನ ಬಾಯಿಯನ್ನೂ ದೇವರು ನನಗೊಬ್ಬಳಿಗೇ ಕೊಟ್ಟುಬಿಟ್ಟ ಎಂದು ಜನ ನಗುತ್ತಾರೆ. ನಕ್ಕರೆ ನಗಲಿ, ನನಗೇನು.

ಅವನ ಕೆಲಸವೂ ಅಂಥದ್ದೇ. ಸಾಸಿವೆಗಿಂತ ಸಣ್ಣ ಸ್ಕ್ರೂ, ಕೂದಲಿಗಿಂತ ತೆಳುವಾದ ಸ್ಪ್ರಿಂಗು. ಸ್ವಲ್ಪ ಜೋರಾಗಿ ಉಸಿರು ಬಿಟ್ಟರೂ ಹಾರಿಹೋಗಿ ಯಾವ ಮೂಲೆ ಸೇರುತ್ತವೋ ಗೊತ್ತಿಲ್ಲ. ಅದಕ್ಕೇ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಚಿಮಟ ಹಿಡಿದನೆಂದರೆ ಅವನು ಉಸಿರು ಬಿಗಿಹಿಡಿದುಬಿಡುತ್ತಾನೆ. ಹಲಗೆಯ ಸಂದಿನಿಂದ ಇಣುಕಿದರೆ ಅವನ ಎದೆ ಏರುವುದಿಲ್ಲ, ಇಳಿಯುವುದಿಲ್ಲ. ಆ ಹೊತ್ತಿನಲ್ಲಿ ಅವನ ಮುಖದ ಮೇಲೆ ಇರುವಷ್ಟು ನೆಮ್ಮದಿ ಬೇರೆ ಯಾವಾಗಲೂ ಇರುವುದಿಲ್ಲ. ಹೀಗಾಗಿ ನನ್ನ ಲೆಕ್ಕದಲ್ಲಿ, ತಮ್ಮ ಅಲುಗಾಡದೆ ಕೂತಿದ್ದಾನೆ ಎಂದರೆ ಸುಖವಾಗಿದ್ದಾನೆ ಎಂದೇ ಅರ್ಥ.

ಅಂಥವನಿಗೆ ಅನ್ನನಾಳದ ಕ್ಯಾನ್ಸರ್ ಬಂತು. ಯಾವಾಗ ಶುರುವಾಯಿತು ಎಂಬುದು ಅವನಿಗೊಬ್ಬನಿಗೇ ಗೊತ್ತು. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದ. ಕೇಳಿದರೆ ಹಲ್ಲುನೋವು ಎಂದ. ತುತ್ತಿಗೊಂದು ಗುಟುಕು ನೀರು ಕುಡಿದ. ಕೇಳಿದರೆ ಸೆಕೆ ಎಂದ. ಬೆಲ್ಟಿಗೆ ತಾನೇ ಹೊಸ ತೂತು ಹಾಕಿಕೊಂಡ. ಹಳೇ ಬೆಲ್ಟು, ಹಿಗ್ಗಿದೆ ಎಂದ. ಕೊನೆಗೆ ಒಂದು ಮಧ್ಯಾಹ್ನ ಊಟದ ನಡುವೆ ಎದ್ದು ಬಚ್ಚಲಿಗೆ ಓಡಿದವನು ನುಂಗಿದ್ದನ್ನೆಲ್ಲ ಹಾಗ್ಹಾಗೇ ಹೊರಗೆ ಹಾಕುತ್ತಿದ್ದುದನ್ನು ಕಣ್ಣಾರೆ ಕಂಡೆ. ಆವತ್ತು ಬೀದಿಗೆಲ್ಲ ಕೇಳುವ ಹಾಗೆ ಬೈದೆ, ಬೈಯುತ್ತಲೇ ಅತ್ತೆ, ಅಳುತ್ತಲೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನು ನನ್ನ ಬೆನ್ನು ಸವರುತ್ತಿದ್ದ. ನಮ್ಮಿಬ್ಬರಲ್ಲಿ ರೋಗಿ ಯಾರು ಎಂದು ಟ್ಯಾಕ್ಸಿಯವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಗಡ್ಡೆ ಕುಗ್ಗಿಸಲು ಮೊದಲು ಔಷಧಿ ಹಾಕಿದರು. ಆಮೇಲೆ ಆಪರೇಷನ್. ಹೊಟ್ಟೆಯನ್ನೂ ಎದೆಯ ಬಲಗಡೆಯನ್ನೂ ಕೊಯ್ದು, ಕೆಟ್ಟ ಭಾಗ ತೆಗೆದು, ಜಠರವನ್ನೇ ಕೊಳವೆಯ ಹಾಗೆ ಮಾಡಿ ಮೇಲಕ್ಕೆಳೆದು, ಉಳಿದ ತುಂಡಿಗೆ ಸೇರಿಸಿ ಹೊಲಿದರು. ಬೆಳಿಗ್ಗೆ ಒಳಗೆ ಹೋದವನು ಹೊರಗೆ ಬಂದಾಗ ದೀಪ ಹಾಕಿಯಾಗಿತ್ತು. ಮೂಗಿನಲ್ಲಿ ಒಂದು ನಳಿಕೆ, ಪಕ್ಕೆಯಲ್ಲಿ ಎರಡು, ಹೊಟ್ಟೆಗೆ ಆಹಾರ ಬಿಡಲು ಇನ್ನೊಂದು. ಅವನ ಮುಖ ಹುಡುಕಿಕೊಳ್ಳುವುದಕ್ಕೇ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ತೀವ್ರ ನಿಗಾ ಘಟಕದಿಂದ ವಾರ್ಡಿನ ಪಕ್ಕದ ಸಣ್ಣ ಕೋಣೆಗೆ ತಂದ ಮೇಲೆ ನಾನು ಅವನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಬೇರು ಬಿಟ್ಟೆ. ಮಲಗುವ ಹಾಗಿಲ್ಲ, ಒರಗಿಕೊಂಡೇ ಇರಬೇಕು. ಹೊಲಿಗೆ ಕೂಡುವ ತನಕ ಬಾಯಿಗೆ ಹನಿ ನೀರೂ ಇಲ್ಲ. ಮೂರು ಗುಂಡುಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಅದರ ಕೊಳವೆ ಬಾಯಿಗಿಟ್ಟುಕೊಂಡು ಉಸಿರೆಳೆದರೆ ಗುಂಡುಗಳು ಮೇಲೇಳಬೇಕು. ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಇದೆಲ್ಲದರ ನಡುವೆ ವಾರ್ಡಿನ ಹಿರಿಯ ನರ್ಸು, ನಾವೆಲ್ಲ ಸಿಸ್ಟರಮ್ಮ ಎನ್ನುತ್ತಿದ್ದ ಗಟ್ಟಿಮುಟ್ಟಾದ ಹೆಂಗಸು, ಬಂದು ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ನೋವು ಇಲ್ಲವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ಈಗ ಎಷ್ಟಿದೆ?"

"ಎರಡು," ಎನ್ನುತ್ತಿದ್ದ ನನ್ನ ತಮ್ಮ.

ಬೆನ್ನಿಗೆ ಸಿಕ್ಕಿಸಿದ್ದ ನೋವಿನ ಔಷಧಿಯ ನಳಿಕೆ ತೆಗೆದಿದ್ದರು. ಇನ್ನು ಮೇಲೆ ಎಷ್ಟು ಔಷಧಿ ಎಂಬುದು ಅವನು ಹೇಳುವ ಅಂಕದ ಮೇಲೆ. ಎರಡಕ್ಕೆ ಸಿಗುವುದು ಅಷ್ಟಕ್ಕಷ್ಟೇ. ನನಗೋ ಹೆಮ್ಮೆ. ಪಕ್ಕದ ಕೋಣೆಯವನು ಇಡೀ ವಾರ್ಡು ಎದ್ದು ಕೂರುವ ಹಾಗೆ ನರಳುತ್ತಿದ್ದ. ಇವನು ದೀಪದ ಕಂಬದ ಹಾಗೆ ನೆಟ್ಟಗೆ ಒರಗಿ, ಎದೆ ಅಲುಗಿಸದೆ ಕೂತಿದ್ದ. ಬಂದವರಿಗೆಲ್ಲ ನಾನು ಅದನ್ನೇ ಹೇಳಿದೆ, "ನಮ್ಮವನದು ಭಾರಿ ತಾಳ್ಮೆ, ಹುಟ್ಟಿದಾಗಿನಿಂದ ಹಾಗೆಯೇ." ಒಮ್ಮೆ ಸಿಸ್ಟರಮ್ಮ ಸೂಜಿ ಹಿಡಿದು ಬಂದಾಗ "ಬೇಡ, ಈಗ ಕಮ್ಮಿಯಾಗಿದೆ" ಎಂದು ಅವನು ಕೈ ಅಡ್ಡ ಹಿಡಿದನಲ್ಲ, ಆಗಲೂ ನಾನು ಬೀಗಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅದೇ ದಿನ ಮಧ್ಯಾಹ್ನ ಜ್ವರ ಏರಿತು. ಬೆರಳಿಗೆ ಸಿಕ್ಕಿಸಿದ್ದ ಕ್ಲಿಪ್ಪಿನ ಆಕ್ಸಿಜನ್ ಅಂಕಿ ತೊಂಬತ್ತಕ್ಕಿಂತ ಕೆಳಗಿಳಿದು ಯಂತ್ರ ಕುಯ್‌ಗುಡತೊಡಗಿತು. ಎದೆಯ ಫೋಟೋ ತೆಗೆಸಿದರು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಲಗಡೆ ಶ್ವಾಸಕೋಶದ ಬುಡದಲ್ಲಿ ಬೆಳ್ಳಗೆ ಮಂಜು ಕವಿದ ಹಾಗಿದ್ದ ಜಾಗ ತೋರಿಸಿದರು.

"ಕಫ ಕಟ್ಟಿಕೊಂಡಿದೆ. ಆಳವಾಗಿ ಉಸಿರಾಡ್ತಿಲ್ಲ, ಕೆಮ್ಮುತ್ತಿಲ್ಲ. ಸಂಜೆ ಒಳಗೆ ಕೆಮ್ಮಿ ಹೊರಗೆ ಹಾಕದಿದ್ರೆ ಮತ್ತೆ ತೀವ್ರ ನಿಗಾಕ್ಕೆ ಕರ್ಕೊಂಡು ಹೋಗಿ ಗಂಟಲಿಗೆ ನಳಿಕೆ ಇಳಿಸಬೇಕಾಗುತ್ತೆ. ಇಷ್ಟು ದೊಡ್ಡ ಆಪರೇಷನ್ ಆದ ಮೇಲೆ ನ್ಯುಮೋನಿಯಾ ಅಂದ್ರೆ ಹುಡುಗಾಟ ಅಲ್ಲ."

ಹುಡುಗಾಟ ಅಲ್ಲ ಎಂಬುದನ್ನು ಅವರು ಹೇಳಿದ ರೀತಿಗೇ ನನಗೆ ಹೆದರಿಕೆ ಹುಟ್ಟಿತು. ಆದರೆ ನಾನು ಹೆದರಿದಾಗ ಮಾಡುವುದು ಒಂದೇ ಕೆಲಸ, ರೇಗುವುದು.

"ಲೋ, ಕೆಮ್ಮೋ," ಎಂದೆ. "ಕೆಮ್ಮು ಅಂದ್ರೆ ಬೆಕ್ಕಿನ ಮರಿ ಸೀನಿದ ಹಾಗೆ ಮಾಡ್ತೀಯಲ್ಲ. ಜೋರಾಗಿ ಮಾಡು."

ಅವನು ದಿಂಬು ಅವುಚಿಕೊಂಡ. ಗಂಟಲಲ್ಲೇ ಸಣ್ಣಗೆ ಕುಂಯ್ ಎಂದಿತು, ಅಷ್ಟೇ. ಡಬ್ಬಿಯ ಕೊಳವೆ ಬಾಯಿಗಿಟ್ಟೆ. ಒಂದು ಗುಂಡು ಅಲುಗಿ ಮತ್ತೆ ಕೆಳಗೆ ಕೂತಿತು.

"ನೋವಾಗುತ್ತಾ?"

"ಅಂಥದ್ದೇನಿಲ್ಲ ಅಕ್ಕ. ಬರ್ತಿಲ್ಲ, ಅಷ್ಟೇ."

ಸಿಸ್ಟರಮ್ಮ ಬಂದು ಕೇಳಿದರು. ಅವನು ನನ್ನ ಮುಖ ನೋಡಿ, ಎರಡು ಎಂದ. ಅವರು ಬರೆದುಕೊಳ್ಳಲಿಲ್ಲ. ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡರು.

"ಅಮ್ಮ, ಬೆಳಿಗ್ಗೆ ನೀವು ಔಷಧಿ ತರೋಕೆ ಕೆಳಗೆ ಹೋಗಿದ್ರಲ್ಲ, ಆಗ ನಾನು ಕೇಳಿದೆ. ನಿಮ್ಮ ತಮ್ಮ ಎಂಟು ಅಂದ್ರು."

"ಎಂಟಾ? ಈಗ ತಾನೇ ನನ್ನೆದುರಿಗೆ ಎರಡು ಅಂದನಲ್ಲ."

"ಅದನ್ನೇ ಹೇಳ್ತಿರೋದು. ನೀವು ಇಲ್ಲದಿದ್ರೆ ಎಂಟು, ಇದ್ರೆ ಎರಡು. ಎಂಟು ಅಂದ್ರು ಅಂತ ಔಷಧಿ ತಂದೆ. ಅಷ್ಟೊತ್ತಿಗೆ ನೀವು ಬಂದು ಕೂತಿದ್ರಿ. ಬೇಡ ಅಂತ ಕೈ ಅಡ್ಡ ಹಿಡಿದ್ರು."

ನನಗೆ ಸಿಟ್ಟು ನೆತ್ತಿಗೇರಿತು. "ಅಂದ್ರೆ ಏನು ನಿಮ್ಮ ಮಾತು? ಸ್ನಾನ ಇಲ್ಲ, ನಿದ್ದೆ ಇಲ್ಲ, ಆ ಕುರ್ಚಿ ಬಿಟ್ಟು ಎದ್ದಿಲ್ಲ ನಾನು. ನನ್ನಿಂದಲೇ ಅವನಿಗೆ ಹೀಗಾಯ್ತು ಅಂತೀರಾ?"

"ಹಾಗೆ ಅನ್ನಲಿಲ್ಲ. ಅವರಿಗೆ ನೋವು ಅಂತ ಗೊತ್ತಾದ್ರೆ ನೀವು ಏನು ಮಾಡ್ತೀರಿ ಅಂತ ಅವರಿಗೆ ಗೊತ್ತು. ಅದಕ್ಕೆ ಉಸಿರು ಬಿಗಿಹಿಡಿದು ಕೂತಿದ್ದಾರೆ. ಉಸಿರು ಎಳೆದ್ರೆ ನೋವು, ನೋವಾದ್ರೆ ಬಾಯಿ ಬಿಡಬೇಕಾಗುತ್ತೆ."

ಒಂದೊಂದಾಗಿ ನೆನಪಾದವು. ಟ್ಯಾಕ್ಸಿಯಲ್ಲಿ ಅತ್ತದ್ದು, ಬೀದಿಗೆ ಕೇಳುವ ಹಾಗೆ ಬೈದದ್ದು, ಆಪರೇಷನ್ನಿನ ದಿನ ಈ ಸಿಸ್ಟರಮ್ಮನನ್ನೇ ಹಿಡಿದುಕೊಂಡು ಗೋಳೋ ಎಂದದ್ದು. ಹೌದು, ಅವನಿಗೆ ಮುಳ್ಳು ಚುಚ್ಚಿದರೆ ಕೂಗಾಡುವವಳು ನಾನು, ನನ್ನನ್ನು ಸಮಾಧಾನ ಮಾಡುವವನು ಅವನು. ಆದರೂ ನಂಬಿಕೆ ಬರಲಿಲ್ಲ. ಈ ಹೆಂಗಸು ನನ್ನನ್ನು ಹೊರಗಿಡಲು ಕಥೆ ಕಟ್ಟುತ್ತಿದ್ದಾಳೆ ಎನಿಸಿತು. ಬಾಗಿಲು ತಳ್ಳಿ ನೇರ ಒಳಗೆ ಹೋದೆ.

"ನನ್ನ ಮುಖ ನೋಡಿ ಹೇಳು. ನೋವು ಎಷ್ಟಿದೆ?"

ಅವನು ನನ್ನ ಮುಖ ನೋಡಿದ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಎದೆ ಏರಲಿಲ್ಲ, ಇಳಿಯಲಿಲ್ಲ.

"ಎರಡೇ ಅಕ್ಕ. ನೀನು ಸುಮ್ಮನೆ ಗಾಬರಿ ಆಗಬೇಡ."

ನಾನು ಅವನ ಹೊದಿಕೆ ಸರಿಸಿದೆ. ಒಳಗೆ ಅವನ ಎಡಗೈ ಮುಷ್ಟಿ ಕಟ್ಟಿತ್ತು. ಒಂದೊಂದೇ ಬೆರಳು ಬಿಡಿಸಿದೆ. ಅಂಗೈಯಲ್ಲಿ ನಾಲ್ಕು ಉಗುರುಗಳ ಗುರುತು, ಎರಡರಲ್ಲಿ ರಕ್ತ ಒಸರಿತ್ತು. ಹಳೆಯ ಗುರುತುಗಳೂ ಇದ್ದವು, ಆಗಲೇ ಕಪ್ಪಗಾಗಿದ್ದವು. ನಾನು ಪಕ್ಕದಲ್ಲೇ ಕೂತು ಇವನ ತಾಳ್ಮೆಯನ್ನು ಬಂದವರಿಗೆಲ್ಲ ಹೊಗಳುತ್ತಿದ್ದಾಗ ಹೊದಿಕೆಯ ಕೆಳಗೆ ಇದು ನಡೆಯುತ್ತಿತ್ತು.

ಅಳು ಗಂಟಲ ತನಕ ಬಂತು. ಬಂದರೆ ಮುಗಿಯಿತು, ಅವನು ಮತ್ತೆ ನನ್ನ ಬೆನ್ನು ಸವರಲು ಕೈ ಎತ್ತುತ್ತಾನೆ. ನುಂಗಿಕೊಂಡೆ. ಅಂಗೈಯನ್ನು ಹೊದಿಕೆಯೊಳಗೆ ಇಟ್ಟು, ಏನೂ ಕಾಣದವಳ ಹಾಗೆ ಚೀಲ ಹೆಗಲಿಗೆ ಹಾಕಿಕೊಂಡೆ.

"ನಾನು ಕೆಳಗೆ ಹೋಗಿ ಕಾಫಿ ಕುಡಿದು ಬರ್ತೀನಿ."

"ನೀನಾ?" ಎಂದ.

"ಯಾಕೆ, ನಾನು ಮನುಷ್ಯಳಲ್ವಾ? ನಿನ್ನ ಮುಖ ನೋಡ್ಕೊಂಡು ಕೂತ್ರೆ ನನ್ನ ಹೊಟ್ಟೆ ತುಂಬುತ್ತಾ?"

"ನಿಧಾನವಾಗಿ ಕುಡಿ ಅಕ್ಕ. ಅವಸರ ಇಲ್ಲ," ಎಂದ. ಎಷ್ಟೋ ದಿನಗಳ ನಂತರ ಅವನ ದನಿಯಲ್ಲಿ ಒಂದು ಆಸೆ ಇತ್ತು, ನಾನು ಹೋಗಲಿ ಎಂಬ ಆಸೆ.

ಸಿಸ್ಟರಮ್ಮ ಟ್ರೇ ಹಿಡಿದು ಒಳಗೆ ಹೋಗುವ ಮುಂಚೆ ನನಗೆ ಬೆರಳು ತೋರಿಸಿದರು. "ನಾನು ಕರೆಯೋ ತನಕ ಒಳಗೆ ಬರಬಾರದು. ಏನೇ ಕೇಳಿಸಲಿ."

ನಾನು ಕೆಳಗೆ ಹೋಗಲಿಲ್ಲ. ಬಾಗಿಲ ಗಾಜಿನಿಂದ ಕಾಣದ ಹಾಗೆ ಗೋಡೆಗೆ ಒತ್ತಿಕೊಂಡು ನಿಂತೆ. ಒಳಗೆ ಅದೇ ಪ್ರಶ್ನೆ ಕೇಳಿಸಿತು. ಆಮೇಲೆ ನನ್ನ ತಮ್ಮ, "ಒಂಬತ್ತು," ಎಂದ. "ಒಂಬತ್ತು ಸಿಸ್ಟರ್. ಮೊದಲಿಂದಲೂ ಅಷ್ಟೇ."

ಔಷಧಿ ಕೊಟ್ಟರು. ಅದು ಹಿಡಿಯಲಿ ಎಂದು ಕಾದರು. ನೆಲ ಒರೆಸುವ ಹೆಂಗಸು ನನ್ನ ಕಾಲ ಸುತ್ತ ಒರೆಸಿಕೊಂಡು ಹೋದಳು. ಆಮೇಲೆ ಶುರುವಾಯಿತು.

"ದಿಂಬು ಗಟ್ಟಿಯಾಗಿ ಹಿಡ್ಕೊಳ್ಳಿ. ಉಸಿರು ಎಳೀರಿ. ಇನ್ನೂ. ಹಾಂ, ಈಗ ಕೆಮ್ಮಿ."

ಮೊದಲು ಅದೇ ಸಣ್ಣ ಸದ್ದು. ಎರಡನೆಯದಕ್ಕೆ ಅವನು ಅಮ್ಮಾ ಎಂದು ಕೂಗಿದ. ನಮ್ಮಮ್ಮ ಹೋದ ದಿನವೂ ಅವನು ಕೂಗಿರಲಿಲ್ಲ. ಆ ದನಿ ಹೇಗಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಬೇರೆ ಯಾರೋ ಒಳಗಿದ್ದಾರೆ ಎನಿಸಿತು.

"ಇನ್ನೊಂದು ಸಲ," ಎಂದರು ಸಿಸ್ಟರಮ್ಮ.

ಅವನು ಅಳುತ್ತಿದ್ದ. ಬಿಡಿ ಸಿಸ್ಟರ್, ಸಾಕು ಸಿಸ್ಟರ್, ಆಗಲ್ಲ ಸಿಸ್ಟರ್. ಅವರು ಬಿಡಲಿಲ್ಲ. ಇನ್ನೊಂದು ಸಲ, ಇನ್ನೊಂದು ಸಲ. ಆಗ ಅವನು "ಅಕ್ಕಾ" ಎಂದ.

ನನ್ನ ಕೈ ಬಾಗಿಲ ಹಿಡಿಯ ಮೇಲಿತ್ತು. ಯಾವಾಗ ಹೋಯಿತೋ ನನಗೆ ತಿಳಿಯದು. "ಅಕ್ಕಾ, ಅಕ್ಕಾ," ಎಂದು ಒಂದೇ ಸಮನೆ ಕರೆಯುತ್ತಿದ್ದ. ಪ್ರತಿ ಕರೆಗೂ ಉಸಿರು ಎಳೆಯುತ್ತಿದ್ದ, ಪ್ರತಿ ಉಸಿರಿನ ಹಿಂದೆ ಕೆಮ್ಮು ಬರುತ್ತಿತ್ತು. ಜೀವಮಾನವೆಲ್ಲ ಅವನು ಕರೆಯುವ ಮುಂಚೆಯೇ ಓಡಿಹೋದವಳು ನಾನು. ಹಿಡಿ ತಿರುಗಿಸಿದರೆ ಸಾಕಿತ್ತು. ತಿರುಗಿಸಿದರೆ ಅವನು ನನ್ನ ಮುಖ ನೋಡಿ ಬಾಯಿ ಮುಚ್ಚುತ್ತಾನೆ, ಉಸಿರು ಬಿಗಿಹಿಡಿಯುತ್ತಾನೆ, ಎರಡು ಎನ್ನುತ್ತಾನೆ. ನಾನು ಸ್ವೆಟರಿನ ತೋಳನ್ನು ಬಾಯಿಗೆ ತುರುಕಿಕೊಂಡು ಹಲ್ಲು ಕಚ್ಚಿ ನಿಂತೆ. ತಮ್ಮ ಕರೆಯುತ್ತಿದ್ದ, ನಾನು ಹೋಗಲಿಲ್ಲ.

ಆಮೇಲೆ ಕೆಮ್ಮಿನ ಸದ್ದು ಬದಲಾಯಿತು. ಬುಡದಿಂದ, ದಪ್ಪಗೆ, ಹಸಿಯಾಗಿ ಬಂತು. ಒಮ್ಮೆ ಬಂದದ್ದು ಮತ್ತೆ ಮತ್ತೆ ಬಂತು. ಸಿಸ್ಟರಮ್ಮ ಬಟ್ಟಲು ಮುಚ್ಚಿಕೊಂಡು ಹೊರಗೆ ಬಂದರು. ಅವರ ಹಣೆಯೂ ಬೆವೆತಿತ್ತು.

"ಬಂತು," ಎಂದರು. "ಅಂಕಿ ತೊಂಬತ್ತು ದಾಟಿದೆ. ಸಂಜೆಗೆ ಇನ್ನೊಂದು ಸಲ ಮಾಡಿಸಬೇಕು. ಗಂಟಲ ನಳಿಕೆ ಬೇಕಾಗಲಿಕ್ಕಿಲ್ಲ ಅನ್ಸುತ್ತೆ. ನೀವು ಮುಖ ತೊಳ್ಕೊಂಡು ಒಳಗೆ ಹೋಗಿ."

ತೊಳೆದುಕೊಂಡೆ. ಸ್ವೆಟರಿನ ತೋಳು ಒದ್ದೆಯಾಗಿತ್ತು, ಮಡಚಿದೆ. ಒಳಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು, ಕಣ್ಣು ಊದಿತ್ತು, ಮುಷ್ಟಿ ಬಿಚ್ಚಿಕೊಂಡಿತ್ತು. ನನ್ನನ್ನು ಒಂದು ಕ್ಷಣ ನೋಡಿದ.

"ಕಾಫಿ ಹೇಗಿತ್ತು?"

"ಬಿಸಿನೀರು. ಅದಕ್ಕೂ ದುಡ್ಡು ತಗೋತಾರೆ."

"ಕೆಳಗೇ ಕೂತಿದ್ಯಾ ಇಷ್ಟು ಹೊತ್ತು?"

"ಮತ್ತೆ? ಕ್ಯೂ ಅಷ್ಟುದ್ದ ಇತ್ತು."

"ನಿನಗೆ ಏನಾದ್ರೂ ಕೇಳಿಸ್ತಾ?"

"ಅಲ್ಲಿಗೆ ಇಲ್ಲಿಯದು ಏನು ಕೇಳಿಸುತ್ತೆ," ಎಂದೆ. "ಏನಾಯ್ತು?"

"ಏನೂ ಇಲ್ಲ. ಸ್ವಲ್ಪ ಕೆಮ್ಮಿದೆ."

ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದ. ಅವನ ಎದೆ ಮೆಲ್ಲಗೆ ಏರಿತು, ಏರಿದ್ದು ಇಳಿಯಿತು. ನಾನು ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ.

"ಅಕ್ಕ," ಎಂದ ಕಣ್ಣು ಬಿಡದೆ. "ಸಂಜೆನೂ ಕಾಫಿಗೆ ಹೋಗು."

"ಹೋಗ್ತೀನಿ," ಎಂದೆ.