ಗದ್ದೆಯ ಮೇಲೆ ಹಾಕಿದ ಗಾಳ

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ ಮೊದಲ ಮಳೆಗಾಲ ಅದು. ನಾನು ಮದುವೆಯಾಗಿ ಆ ಮನೆಗೆ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಕೇರಿಯ ಉಳಿದವರೆಲ್ಲ ಬೇಸಿಗೆಯಲ್ಲೇ ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದರು. ನಮ್ಮ ಅತ್ತೆ ಮಾತ್ರ ಹೊರಡಲು ಒಪ್ಪಲಿಲ್ಲ. ನೀರು ಅಂಗಳಕ್ಕೆ ಬಂದಾಗ ಗುಡ್ಡದ ಮೇಲೆ ಸೋಗೆಯ ಗುಡಿಸಲು ಹಾಕಿಸಿಕೊಂಡು ಅಲ್ಲೇ ಒಲೆ ಹೂಡಿದರು. ಅತ್ತೆ, ನನ್ನ ಗಂಡ, ನಾನು, ಮೂವರೇ. ಮೂರು ಕಡೆ ನೀರು, ಹಿಂದೆ ಕಾಡು. ತವರಿಗೆ ಹೋಗುವ ದಾರಿಯೂ ನೀರಿನಡಿಗೆ ಹೋಗಿತ್ತು.

ಅತ್ತೆ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಆ ನೀರಿನಲ್ಲಿ ಮೀನು ಹಿಡಿಯುವುದನ್ನು ಅವರು ಮೊದಲೇ ಬೇಡವೆಂದಿದ್ದರು. "ನಮ್ಮ ಗದ್ದೆ ಮೇಲೆ ಓಡಾಡೋ ಮೀನು ನಮಗ್ ಬ್ಯಾಡ" ಎಂದು ಒಮ್ಮೆ ಹೇಳಿದ ಮೇಲೆ ಆ ವಿಷಯ ಮುಗಿದಿತ್ತು. ಆದರೆ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡೇ ಹದಿನೈದು ದಿನ ಕಳೆದಿದ್ದೆವು. ತೀರ್ಥಹಳ್ಳಿ ಕಡೆ ನಮಗೆ ಕೊಟ್ಟ ಜಾಗದ ಕಾಗದಕ್ಕಾಗಿ ನನ್ನ ಗಂಡ ಸಾಗರಕ್ಕೆ ಹೊರಟರು. ಹೊರಡುವ ಮುಂಚೆ ಅತ್ತೆಗೆ ಕಾಣದಂತೆ ನೀರಿಗೆ ಒಂದು ಹಗ್ಗ ಹಾಕಿದರು. ಅದರ ಒಂದು ತುದಿ ದಡದ ಮೋಟುಮರಕ್ಕೆ, ಇನ್ನೊಂದು ತುದಿ ನೀರಿನಲ್ಲಿ ನಿಂತಿದ್ದ ಮಾವಿನ ಕೊಂಬೆಗೆ. ನಡುವೆ ಮಾರಿಗೊಂದರಂತೆ ಗಾಳಗಳು. ಮೀನು ಕಚ್ಚಿ ತುಂಡರಿಸದಿರಲಿ ಎಂದು ಅವನ್ನು ತಂತಿಯಲ್ಲಿ ಕಟ್ಟಿದ್ದರು. "ಬೆಳಿಗ್ಗೆ ಎಳ್ಕೊ, ಅವ್ವಂಗೆ ಹೇಳ್ಬ್ಯಾಡ" ಎಂದು ಹೋದರು.

ಮರುದಿನ ಅತ್ತೆ ಸೌದೆಗೆಂದು ಕಾಡಿನ ಕಡೆ ಹೋದ ಕೂಡಲೇ ನಾನು ನೀರಿಗಿಳಿದೆ. ಸೊಂಟದಷ್ಟು ನೀರು. ಹಗ್ಗ ಹಿಡಿದುಕೊಂಡು ಹೋಗುತ್ತಾ ಮೂರನೆಯ ಗಾಳದ ಹತ್ತಿರ ಬಂದಾಗ ಮುರುಗೋಡು ಸಿಕ್ಕಿರುವುದು ಗೊತ್ತಾಯಿತು. ಒಳ್ಳೆಯ ತೂಕದ ಮೀನು. ಎಳೆದೆ. ಅದು ಕೆಳಕ್ಕೆ ನುಗ್ಗಿತು. ಹಗ್ಗ ಸರ್ರನೆ ಜಾರಿ, ಪಕ್ಕದ ಗಾಳ ನನ್ನ ಬಲಗೈ ಹೆಬ್ಬೆರಳಿನ ಬುಡಕ್ಕೆ ನಾಟಿತು.

ಮೊದಲಿಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು. ಬಿಡಿಸಿಕೊಳ್ಳಲು ನೋಡಿದರೆ ಗಾಳದ ಹಿಮ್ಮುಳ್ಳು ಮಾಂಸದೊಳಗೆ ಹೋಗಿತ್ತು. ಮೀನು ಹಗ್ಗವನ್ನು ನೀರಿನಡಿಯ ಯಾವುದಕ್ಕೋ ಸುತ್ತಿತ್ತು. ಹಗ್ಗ ಅಲ್ಲಾಡುತ್ತಿರಲಿಲ್ಲ. ತಂತಿಯನ್ನು ಹಲ್ಲಿನಿಂದ ಕಚ್ಚಿದೆ, ತುಟಿ ಸೀಳಿತು. ಮೀನು ಒದ್ದಾಡಿದಾಗಲೆಲ್ಲ ಕೈ ಭುಜದವರೆಗೆ ಉರಿಯುತ್ತಿತ್ತು. ಅದು ಸುಮ್ಮನಾದರೆ ನಾನೂ ಉಸಿರು ಬಿಗಿಹಿಡಿದು ಸುಮ್ಮನಿರುತ್ತಿದ್ದೆ.

ಕೂಗಲಿಲ್ಲ. ಅತ್ತೆಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು. ಎಷ್ಟು ಹೊತ್ತು ನಿಂತೆನೋ ತಿಳಿಯದು. ಗುಡ್ಡದಾಚೆ ಜೋರು ಮಳೆಯಾಗಿರಬೇಕು, ಎದುರಿನ ಬಂಡೆಯ ಮೇಲಿನ ಬಿಳಿ ಗೆರೆ ನೋಡುತ್ತಿದ್ದಂತೆಯೇ ನೀರಿನೊಳಗೆ ಹೋಯಿತು. ಸೆರಗು ತೇಲತೊಡಗಿತು. ನೀರು ಎದೆಗೆ ಬಂದಿತ್ತು, ಕೈ ಮಾತ್ರ ಸೊಂಟದ ಮಟ್ಟದಲ್ಲೇ ಸಿಕ್ಕಿಕೊಂಡಿತ್ತು. ಆಗ ಕೂಗಿದೆ.

ಅತ್ತೆ ದಡಕ್ಕೆ ಬಂದು ನಿಂತರು. ಸಿಟ್ಟಾಗುತ್ತಾರೆಂದುಕೊಂಡೆ.

"ಎಂತ ಆತು?"

"ಗಾಳ ಕೈಗೆ ಹೊಕ್ಕಿದೆ ಅತ್ತೆ. ಹಗ್ಗ ಬರ್ತಾ ಇಲ್ಲ."

"ಅಲ್ಲಾಡ್ಬ್ಯಾಡ."

ಸೀರೆ ಎತ್ತಿ ಕಟ್ಟಿಕೊಂಡು ಬಂದರು. ನೀರು ಬಂದ ಮೇಲೆ ಅವರು ಅದಕ್ಕೆ ಕಾಲಿಟ್ಟದ್ದು ಅದೇ ಮೊದಲು. ಹಗ್ಗದ ಗುಂಟ ಕಾಲಿನಿಂದ ತಡಕುತ್ತಾ ನನ್ನನ್ನು ದಾಟಿ ಎರಡು ಹೆಜ್ಜೆ ಹೋಗಿ, ಗಲ್ಲದವರೆಗೆ ನೀರಿನಲ್ಲಿ ನಿಂತುಬಿಟ್ಟರು.

"ಬೇಲಿಗೂಟ ಇದು" ಎಂದರು. "ಮೂಲೆ ಗದ್ದೆದು. ಹೋದ್ ವರ್ಷ ನಾನೇ ಹುಗಿದಿದ್ದು."

ಅವರು ಅಲ್ಲೇ ನಿಂತಿದ್ದರು, ಕಾಲಿನಿಂದ ಇನ್ನೊಂದು ಗೂಟ ಹುಡುಕುತ್ತಿದ್ದರೆಂದು ಕಾಣುತ್ತದೆ. ನನಗೆ ಅಳು ಬಂತು. "ಅತ್ತೆ, ನೀರು ಏರ್ತಾ ಇದೆ" ಎಂದೆ. ಅವರು ತಿರುಗಿ ನನ್ನ ಎದೆಯ ಮೇಲಿನ ನೀರನ್ನು ನೋಡಿದರು, ದಡ ಹತ್ತಿ ಹೋದರು.

ಅವರು ಮರಳಿ ಬರುವವರೆಗಿನ ಹೊತ್ತು ನನಗೆ ಇಡೀ ಬೆಳಗಿಗಿಂತ ಉದ್ದವಾಗಿತ್ತು. ಬಾರದೇ ಹೋದರೆ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇಂದಿಗೂ ಬೇಸರವಿದೆ. ಬಂದಾಗ ಕೈಯಲ್ಲಿ ಕತ್ತಿಯಿತ್ತು. ನನ್ನ ಎರಡೂ ಪಕ್ಕದಲ್ಲಿ ಹಗ್ಗ ಕೊಯ್ದು, ತೋಳು ಹಿಡಿದು ಮೇಲೆ ಕರೆತಂದರು.

ಗಾಳ ತೆಗೆದದ್ದೂ ಅವರೇ. ಆಸ್ಪತ್ರೆ ಸಾಗರದಲ್ಲಿ, ಕಾಡುದಾರಿಯಲ್ಲಿ ಒಂದು ದಿನದ ನಡಿಗೆ. ನನ್ನ ಕೈಯನ್ನು ತಮ್ಮ ಮಂಡಿಯ ಮೇಲಿಟ್ಟುಕೊಂಡು, "ಹಿಂದಕ್ಕೆ ಎಳದ್ರೆ ಹರೀತದೆ, ಮುಂದಕ್ಕೇ ದೂಡ್ಬೇಕು" ಎಂದರು. ತುದಿ ಚರ್ಮ ಸೀಳಿ ಇನ್ನೊಂದು ಕಡೆ ಹೊರಬಂತು. ಎಲೆಪೆಟ್ಟಿಗೆಯಿಂದ ಅಡಕತ್ತರಿ ತೆಗೆದು ಹಿಮ್ಮುಳ್ಳನ್ನು ಕತ್ತರಿಸಿದರು. ಕಬ್ಬಿಣ ತುಂಡಾಯಿತು, ಅಡಕತ್ತರಿಯ ಬಾಯಿಯೂ ಮುಕ್ಕಾಯಿತು. ಅದನ್ನು ಬೆಳಕಿಗೆ ಹಿಡಿದು ನೋಡಿ ಒಳಗಿಟ್ಟರು. ಗಾಯಕ್ಕೆ ಅರಿಶಿನ ಮೆತ್ತಿದರು.

ಮರುದಿನ ಸಂಜೆ ನನ್ನ ಗಂಡ ಕಾಡುದಾರಿಯಲ್ಲಿ ನಡೆದು ಬಂದರು. ಬಟ್ಟೆ ಸುತ್ತಿದ ನನ್ನ ಕೈ ನೋಡಿ ಅವರ ಮುಖ ಕಪ್ಪಿಟ್ಟಿತು.

"ಕಾಗದ ಸಿಕ್ತಾ?" ಎಂದಷ್ಟೇ ಅತ್ತೆ ಕೇಳಿದರು.

"ಸಿಕ್ತು. ಆದ್ರೆ ನೀನು ಬರ್ಬೇಕಲ್ಲ?"

"ಎತ್ತಿನಗಾಡಿ ಎಲ್ಲೀವರೆಗೆ ಬತ್ತದೆ ಕೇಳು."

ನಾಲ್ಕನೆಯ ದಿನ ಹೊರಟೆವು. ಹೊಸ ಜಾಗದಲ್ಲಿ ಸುತ್ತ ಬರೀ ಮರ, ಆಕಾಶವೇ ಕಾಣದು. ಅಲ್ಲೂ ಸಿಕ್ಕಿಬಿದ್ದಂತೆಯೇ ಇತ್ತು. ನನ್ನ ಕೈಗೆ ಕೀವಾಗಿ ಎರಡು ತಿಂಗಳು ಕೆಲಸ ಮಾಡಲಾಗಲಿಲ್ಲ. ಅಷ್ಟು ದಿನವೂ ಅತ್ತೆ ನನ್ನ ತಲೆ ಬಾಚಿದರು, ಜಡೆ ಹೆಣೆದರು. ಹೆಣೆಯುವಾಗ ಒಮ್ಮೊಮ್ಮೆ ಮೂಲೆ ಗದ್ದೆಯ ಮಾತು ತೆಗೆಯುತ್ತಿದ್ದರು, ಅದಿನ್ನೂ ನಾಟಿಗೆ ಕಾದಿದೆ ಎನ್ನುವಂತೆ.