ಹೊಸ ಲಾಳಿಯ ಮೇಲಿನ ಅಪವಾದ

ಮಗಳ ಕಂಪ್ಯೂಟರ್ ನಿನ್ನೆ ಅಪ್‌ಡೇಟ್ ಆಯಿತು. ಆಗಿನಿಂದ ಗೇಮ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದೆ. "ಎಲ್ಲಾ ಅಪ್‌ಡೇಟ್‌ದೇ ತಪ್ಪು ಕಣಪ್ಪಾ" ಅಂದಳು. ನನಗೆ ಮೊಳಕಾಲ್ಮೂರಿನ ನಮ್ಮ ರೇಷ್ಮೆ ಮಗ್ಗ ಕಣ್ಣ ಮುಂದೆ ಬಂತು.

ನಾನಾಗ ಚಿಕ್ಕವನು. ಹೊಕ್ಕಿನ ನೂಲನ್ನು ಅತ್ತಿತ್ತ ಒಯ್ಯುವ ಲಾಳಿಯನ್ನು ಅಪ್ಪ ಹೊಸದಾಗಿ ಹಾಕಿದ ದಿನವೇ, ಉದ್ದಕ್ಕೆ ಬಿಗಿದ ಹಾಸಿನ ಎಳೆ ಹರಿಯತೊಡಗಿತ್ತು. ಮದುವೆಯ ಧಾರೆ ಸೀರೆ, ಮೂರೇ ದಿನದಲ್ಲಿ ಕೊಡಬೇಕು.

"ಲಾಳಿ ಮಾಡಿದ ಬಡಗಿ ಮುಖಕ್ಕೇ ಎಸೆದು ಬರ್ರಿ" ಎಂದಳು ಅವ್ವ.

ಅಪ್ಪ ಹಳೆಯ ಲಾಳಿಯನ್ನೇ ಹಾಕಿ ನಾಲ್ಕು ಬೆರಳಗಲ ನೇಯ್ದ. ಎಳೆ ಅದೇ ಜಾಗದಲ್ಲಿ ಹರಿಯಿತು. "ತಪ್ಪು ಲಾಳಿದಲ್ಲ ಕಣೇ" ಎಂದು, ಎಳೆಗಳನ್ನು ಬಾಚಣಿಗೆಯಂತೆ ಹಿಡಿದಿಡುವ ಹಣಿಗೆಯ ಮೇಲೆ ಬೆರಳಾಡಿಸಿದ. ಒಂದು ಹಲ್ಲು ಸೊಟ್ಟಗಾಗಿತ್ತು. ಹಿಂದಿನ ದಿನ ಅದರ ಮೇಲೆ ಮೊಳೆ ಎಳೆದು ವೀಣೆಯಂತೆ ನುಡಿಸಿದವನು ನಾನೇ.

ಅಪ್ಪ ನನ್ನ ಮುಖ ನೋಡಿದ. ಬೆನ್ನಿಗೆ ಏಟು ಬಿತ್ತು ಅಂದುಕೊಂಡೆ. "ಯಾವ ರಾಗನಪ್ಪಾ ಬಾರ್ಸಿದ್ದು?" ಎಂದು ಮೆಲ್ಲಗೆ ಕೇಳಿ, ಅವ್ವನಿಗೆ ಕೇಳುವಂತೆ, "ಹಣಿಗೆ ಹಳೇದಾಗೈತೆ" ಎಂದ. ಹಲ್ಲು ನೆಟ್ಟಗೆ ಮಾಡಿ ನೇಯಲು ಕೂತ. ಸೀರೆ ಮದುವೆಗೆ ಮುಂಚೆಯೇ ಮುಗಿಯಿತು.

"ನಿನ್ನೆ ನೀನೇನಾರ ಅದ್ರಾಗೆ ಹೊಸದು ಹಾಕಿದ್ಯೇನವ್ವಾ?" ಎಂದು ಮಗಳನ್ನು ಕೇಳಿದೆ.

ಅವಳು ಮೇಲಿನ ಫ್ಯಾನ್ ನೋಡಿದಳು. "ಗೇಮ್‌ನಲ್ಲಿ ಡ್ರೆಸ್ ಬದಲಾಯ್ಸೋ ಫೈಲ್ ಒಂದು ನೆಟ್‌ನಿಂದ ಇಳಿಸ್ಕೊಂಡಿದ್ದೆ."

"ಅದನ್ನ ತೆಗ್ದು ನೋಡು" ಎಂದೆ. "ನಿಮ್ಮವ್ವ ಕೇಳಿದ್ರೆ, ಕಂಪ್ಯೂಟರ್ ಹಳೇದಾಗೈತೆ ಅಂತೀನಿ."