ಬಾವಿಯೊಳಗೆ ಕೈ ಹಿಡಿದವರು

ದೆವ್ವ, ಗಾಳಿ ಎಂದವರನ್ನು ನಾನು ಹಿಂದೆ ಮುಂದೆ ನೋಡದೆ ಗೇಲಿ ಮಾಡುತ್ತಿದ್ದೆ. ಕಲಿತ ಸೊಕ್ಕು ಅನ್ನಿ. ಆದರೆ ಎಪ್ಪತ್ತರ ದಶಕದಲ್ಲಿ ಸಾಲೋಟಗಿಯ ಹತ್ತಿರ ಒಂದು ನಟ್ಟನಡು ಮಧ್ಯಾಹ್ನ ನಡೆದದ್ದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮ್ಮಿಷ್ಟ.

ಆಗ ನಾನು ಮನೋರೋಗದ ಚಿಕಿತ್ಸೆ ಕಲಿಯುತ್ತಿದ್ದೆ. ನಮಗೆ ಕಲಿಸುತ್ತಿದ್ದ ಡಾಕ್ಟರಬಾಯಿ ಆ ಕಾಲಕ್ಕೆ ಹೊಸದಾದ ಪದ್ಧತಿಯೊಂದನ್ನು ತಂದಿದ್ದರು. ಆಘಾತಗೊಂಡವನಿಗೆ ಬರೀ ನಿದ್ದೆಗುಳಿಗೆ ಕೊಟ್ಟರೆ ಸಾಲದು. ಅವನು ಹೆದರಿದ ಜಾಗಕ್ಕೇ ದಿನಕ್ಕಿಷ್ಟು ಹತ್ತಿರ ಕರೆದೊಯ್ಯಬೇಕು. "ಎಳೀಬ್ಯಾಡ್ರಿ, ದೂಡಬ್ಯಾಡ್ರಿ. ಆದ್ರ ಹಿಡಿದ ಕೈ ಮಾತ್ರ ಬಿಡಬ್ಯಾಡ್ರಿ," ಎನ್ನುತ್ತಿದ್ದರು.

ನನ್ನ ಪಾಲಿಗೆ ಬಂದವನು ಬಾವಿ ತೋಡುವ ಕಾಸಿಮಸಾಬ. ಮಣ್ಣು ಕುಸಿದು ಅವನೂ ಅವನ ತಮ್ಮನೂ ಬಾವಿಯಲ್ಲಿ ಸಿಕ್ಕಿಬಿದ್ದಿದ್ದರು. ತಮ್ಮ ಬದುಕಲಿಲ್ಲ. ಅಂದಿನಿಂದ ಇವನಿಗೆ ಮಾತಿಲ್ಲ. ಮಳೆ ಸುರಿದರೂ ಮನೆಯೊಳಗೆ ಕಾಲಿಡದೆ ಅಂಗಳದಲ್ಲೇ ನೆನೆಯುತ್ತಿದ್ದ. ಆಮೇಲೆ ಹುಟ್ಟಿದ ಮಗಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಹೆಂಡತಿ ಮಲಿಕಾಬಿ ನನ್ನ ಮುಂದೆ ಸೆರಗೊಡ್ಡಿದಳು: "ಸಾಹೇಬ್ರ, ದುಡದು ಹಾಕೂದು ಬ್ಯಾಡ. ಕೂಸಿನ ಹೆಸರು ಹಿಡದು ಒಮ್ಮೆ ಕರದ್ರ ಸಾಕರಿ."

ಒಂದೂವರೆ ತಿಂಗಳು ನಡೆದೆವು. ಮೊದಲು ಹೊಲದ ಬದು, ಆಮೇಲೆ ಅದೇ ಬಾವಿಯ ದಂಡೆ, ಆಮೇಲೆ ಹೊಸದಾಗಿ ಕಟ್ಟಿದ ಮೆಟ್ಟಿಲು. ಅವನು ಗಡಗಡ ನಡುಗುತ್ತಿದ್ದ, ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಅಬ್ಬಾ, ಎಂಥ ಗುಂಡಿಗೆ ಅವನದು!

ಅವತ್ತು ತಳದವರೆಗೆ ಇಳಿಯುವುದಿತ್ತು. ಕಾಸಿಮಸಾಬ ಕಣ್ಣು ಮುಚ್ಚಿ ನನ್ನ ಬಲಗೈ ಹಿಡಿದ. ಐದನೆಯ ಮೆಟ್ಟಿಲಲ್ಲಿದ್ದಾಗ ಮೇಲಿನಿಂದ ಒಂದು ಹಿಡಿ ಮಣ್ಣು ಜಾರಿತು. ಹೇಳಲು ನಾಚಿಕೆ, ಅವನ ಕೈ ಬಿಟ್ಟು ಮೇಲಕ್ಕೆ ಓಡಿಬಂದೆ. ಕೂಗಿದರೆ ಬೆಚ್ಚಿ ಕಾಲು ಜಾರಿಯಾನೆಂದು ಕೂಗಲಿಲ್ಲ. ಬಗ್ಗಿ ನೋಡಿದರೆ ಅವನು ಕಣ್ಣು ಮುಚ್ಚಿಕೊಂಡೇ ಇಳಿಯುತ್ತಿದ್ದ, ಒಂದು ಕೈ ಪಕ್ಕಕ್ಕೆ ಚಾಚಿಕೊಂಡು. ತಮ್ಮನು ಜೀವ ಬಿಟ್ಟ ಆ ತಳದಲ್ಲಿ ತುಸು ಹೊತ್ತು ಕೂತ. ಹಾಗೇ ಹತ್ತಿ ಬಂದು, ನನ್ನೆದುರು ಕಣ್ಣು ತೆರೆದ.

"ಕೈ ಬಿಡಲಿಲ್ಲ ನೋಡ್ರಿ ಸಾಹೇಬ್ರ ನೀವು," ಎಂದ. "ತಳಕ್ಕ ಹೋದಂಗ ಇನ್ನೂ ಗಟ್ಟಿ ಹಿಡದ್ರಿ."

ಎಷ್ಟೋ ತಿಂಗಳ ಮೇಲೆ ಅವನಾಡಿದ ಮೊದಲ ಮಾತು!

ಅವನ ಕೈ ಹಿಡಿದದ್ದು ಅವನ ಧೈರ್ಯವೇ ಎಂದು ಡಾಕ್ಟರಬಾಯಿ ಆಮೇಲೆ ಅಂದರು. ಇರಬಹುದು. ಅವತ್ತು ಕಾಸಿಮಸಾಬ ನೆಟ್ಟಗೆ ಮನೆಯೊಳಗೆ ಹೋಗಿ "ಜೈನಬ್" ಎಂದು ಮಗಳನ್ನು ಕರೆದ. ಮಲಿಕಾಬಿ ಅಳುತ್ತ ಹೊರಗೆ ಬಂದು ನನ್ನ ಬಲಗೈಯನ್ನು ಕಣ್ಣಿಗೊತ್ತಿಕೊಂಡಳು. ಅದನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ, ಅವನನ್ನು ಹಿಡಿದದ್ದು ಈ ಕೈಯಲ್ಲ ತಾಯಿ ಎನ್ನಲೂ ಆಗಲಿಲ್ಲ.